ಮಾರಿಷಸ್‌ಗೆ ಹೊರಟ ನೆಂಟರಿಗೆ: ಬೀಚ್‌ಗಿಂತ ಮೊದಲು 16 ಮೆಟ್ಟಿಲು

ನಾವು ಮಾರಿಷಸ್‌ನಲ್ಲಿ ನಾಲ್ಕು ವರ್ಷ ಇದ್ದೆವು. ಯಜಮಾನರಿಗೆ ಎಬೆನ್‌ನಲ್ಲಿ ಕೆಲಸ, ಮನೆ ಪಕ್ಕದ ಕಾತ್ರ್ ಬೋರ್ನ್ ಊರಿನಲ್ಲಿ. ಆ ನಾಲ್ಕು ವರ್ಷದಲ್ಲಿ ತೀರ್ಥಹಳ್ಳಿ, ಶಿವಮೊಗ್ಗ, ಬೆಂಗಳೂರಿನಿಂದ ಒಂಬತ್ತು ತಂಡ ನೆಂಟರು ಬಂದು ಹೋದರು. ನಾವು ವಾಪಸ್ ಬಂದ ಮೇಲೂ ಫೋನ್ ನಿಂತಿಲ್ಲ. "ನಾವೂ ಹೊರಟಿದ್ದೀವಿ ಕಣೇ, ಏನ್ ನೋಡ್ಬೇಕು, ಏನ್ ತಗೊಂಡ್ ಹೋಗ್ಬೇಕು?" ಪ್ರತಿ ಸಲ ಅದೇ ಅರ್ಧ ಗಂಟೆ ಮಾತು. ಅದಕ್ಕೇ ಒಂದು ಸಲ ಕೂತು ಬರೆದುಬಿಟ್ಟಿದ್ದೇನೆ.

ಮೊದಲಿಗೆ ನನ್ನ ಒಂದು ಹಟ. ಪ್ಯಾಕೇಜ್ ಟೂರಿನವರು ನಿಮ್ಮನ್ನು ಏರ್‌ಪೋರ್ಟಿನಿಂದ ಸೀದಾ ರೆಸಾರ್ಟಿಗೆ ಒಯ್ಯುತ್ತಾರೆ. ಕೊನೆಯ ದಿನ ಶಾಪಿಂಗ್ ಅಂತ ರಾಜಧಾನಿ ಪೋರ್ಟ್ ಲೂಯಿಗೆ ಕರೆದುಕೊಂಡು ಹೋಗುತ್ತಾರೆ. ಇದನ್ನು ಉಲ್ಟಾ ಮಾಡಿ. ಮೊದಲ ದಿನವೇ ಪೋರ್ಟ್ ಲೂಯಿ, ಅದರಲ್ಲೂ ಮೊದಲು ಆಪ್ರವಾಸಿ ಘಾಟ್, ಅಂದರೆ ಭಾರತದಿಂದ ಕೂಲಿಗೆ ಬಂದವರು ಹಡಗಿನಿಂದ ಇಳಿದ ಜಾಗ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಆ ಜಾಗ ನೋಡಿದ ಮೇಲೆ ಉಳಿದ ದ್ವೀಪ ಬೇರೆಯೇ ಕಾಣುತ್ತದೆ.

ಎಲ್ಲಿದೆ, ಎಷ್ಟಿದೆ

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ ಇರುವ ಜ್ವಾಲಾಮುಖಿ ದ್ವೀಪ ಇದು. ಉದ್ದ ಸುಮಾರು 65 ಕಿಲೋಮೀಟರ್, ಅಗಲ ಸುಮಾರು 45. ಜನ ಹನ್ನೆರಡೂವರೆ ಲಕ್ಷದ ಆಸುಪಾಸು. ಹೆಚ್ಚುಕಮ್ಮಿ ಸುತ್ತಲೂ ಹವಳದ ದಂಡೆ ಇದೆ. ದೊಡ್ಡ ಅಲೆ ಅಲ್ಲೇ ಒಡೆಯುತ್ತದೆ, ಒಳಗೆ ನೀರು ಕೆರೆಯ ಹಾಗೆ ನಿಂತಿರುತ್ತದೆ. ಇದೇ ದೇಶಕ್ಕೆ ಸೇರಿದ ರೋಡ್ರಿಗ್ಸ್ ದ್ವೀಪ ಪೂರ್ವಕ್ಕೆ 560 ಕಿಲೋಮೀಟರ್ ದೂರ. ಒಂದು ವಾರಕ್ಕೆ ಬರುವವರು ಅದನ್ನು ಬಿಟ್ಟುಬಿಡಿ.

ಅತಿ ಎತ್ತರದ ಬೆಟ್ಟವೂ ಬರೀ 828 ಮೀಟರ್. ನಮ್ಮ ಕುಂದಾದ್ರಿಯಷ್ಟೇ ಅನ್ನಿ. ಆದರೆ ಬೆಟ್ಟಗಳ ಆಕಾರ ವಿಚಿತ್ರ. ಪೀಟರ್ ಬೋಥ್ ಅನ್ನುವುದರ ತುದಿಯಲ್ಲಿ ಒಂದು ದೊಡ್ಡ ಬಂಡೆ, ಯಾರೋ ತಲೆ ಮೇಲೆ ಕೊಡ ಇಟ್ಟುಕೊಂಡು ನಿಂತ ಹಾಗೆ.

ಮಧ್ಯದ ಪ್ರಸ್ಥಭೂಮಿ ಎತ್ತರ, ತೀರ ತಗ್ಗು. ಇದು ಚೆನ್ನಾಗಿ ನೆನಪಿರಲಿ. ತೀರದಲ್ಲಿ ಸುಡುವ ಬಿಸಿಲಿದ್ದಾಗಲೇ ಮೇಲೆ ಕ್ಯೂರ್‌ಪಿಪ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಮಲೆನಾಡಿನವಳಾದ ನನಗೆ ಅದು ತವರಿನ ಹಾಗೆ ಕಂಡಿತು, ಬೆಂಗಳೂರಿನ ಮೈದುನನಿಗೆ ನೆಗಡಿ ಹಿಡಿಯಿತು.

ಯಾವಾಗ ಹೋಗಬೇಕು

ಭೂಮಧ್ಯರೇಖೆಯ ಆಚೆ ಇರುವುದರಿಂದ ಕಾಲಗಳು ತಿರುಗಾಮುರುಗಾ. ನಮಗೆ ಬೇಸಿಗೆ ಮುಗಿಯುವಾಗ ಅಲ್ಲಿ ಚಳಿಗಾಲ ಶುರು. ಮೊದಲ ವರ್ಷ ನಾನು ಜುಲೈನಲ್ಲಿ ಬರೀ ಕಾಟನ್ ಚೂಡಿದಾರ್ ತುಂಬಿಕೊಂಡು ಹೋಗಿ, ವಾರದೊಳಗೆ ಕಾತ್ರ್ ಬೋರ್ನ್ ಸಂತೆಯಲ್ಲಿ ಸ್ವೆಟರ್ ಹುಡುಕಿದವಳು. "ಉಷ್ಣವಲಯದ ದ್ವೀಪ" ಅಂತ ಓದಿದ್ದೆ, ನಂಬಿದ್ದೆ.

ಮೇ ಮತ್ತು ಸೆಪ್ಟೆಂಬರ್‌ನಿಂದ ನವೆಂಬರ್, ಇವು ನನ್ನ ಪ್ರಕಾರ ಒಳ್ಳೆಯ ತಿಂಗಳು. ಚಳಿಗಾಲದಲ್ಲಿ ಆಗ್ನೇಯದಿಂದ ಜೋರು ಗಾಳಿ ಬೀಸುತ್ತದೆ. ಆಗ ಪೂರ್ವ ತೀರದ ರೂಮು ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡಬೇಡಿ. ಪಶ್ಚಿಮದ ಫ್ಲಿಕ್ ಅನ್ ಫ್ಲಾಕ್ ಕಡೆ ಅಥವಾ ಉತ್ತರದ ಗ್ರಾನ್ ಬೇ ಕಡೆ ಇಳಿದುಕೊಳ್ಳಿ.

ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತದ ಕಾಟ ಹೆಚ್ಚು. ಅಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇದೆ, ಮಗು ಕೂಡ ಹೇಳುತ್ತದೆ: ಕ್ಲಾಸ್ 1ರಿಂದ ಕ್ಲಾಸ್ 4. ಒಂದು, ಎರಡು ಬಂದರೆ ಅಂಗಡಿಯಲ್ಲಿ ಬ್ರೆಡ್ಡು, ಮೇಣದಬತ್ತಿ ಖಾಲಿ. ಮೂರು ಬಂದರೆ ಬಸ್ಸು, ಆಫೀಸು, ಅಂಗಡಿ ಎಲ್ಲ ಬಂದ್. ಗಂಟೆಗೆ 120 ಕಿಲೋಮೀಟರ್ ಗಾಳಿ ದಾಖಲಾದರೆ ನಾಲ್ಕು. ಮೂರರಿಂದಾಚೆ ರೂಮು ಬಿಟ್ಟು ಹೊರಗೆ ಕಾಲಿಡಬೇಡಿ. 1960ರ ಕ್ಯಾರೊಲ್ ಚಂಡಮಾರುತದ ಕಥೆ ಅಲ್ಲಿನ ಹಿರಿಯರು ಇನ್ನೂ ಹೇಳುತ್ತಾರೆ. ಅಲ್ಲಿನ ಮನೆಗಳೆಲ್ಲ ಸುಮ್ನೆ ಕಾಂಕ್ರೀಟ್ ಡಬ್ಬದ ಹಾಗೆ ಇರುವುದೇಕೆ ಅಂತ ಕೇಳಿದರೆ ಉತ್ತರ ಅದೇ.

ಪೇಪರು, ದುಡ್ಡು, ಸೂಟ್‌ಕೇಸು

ಭಾರತದ ಪಾಸ್‌ಪೋರ್ಟ್ ಇದ್ದು ಪ್ರವಾಸಕ್ಕೆ ಹೋಗುವವರಿಗೆ ಮೊದಲೇ ವೀಸಾ ಮಾಡಿಸುವ ಕೆಲಸವಿಲ್ಲ, ಇಳಿದ ಮೇಲೆ ಕೊಡುತ್ತಾರೆ. ಆದರೆ ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ದುಡ್ಡಿದೆ ಅನ್ನುವುದಕ್ಕೆ ಆಧಾರ, ಇಷ್ಟೂ ಪ್ರಿಂಟ್ ಮಾಡಿ ಕೈಯಲ್ಲಿರಲಿ. ನೆಂಟರ ಮನೆಯಲ್ಲಿ ಉಳಿಯುವುದಾದರೆ ಅವರ ಪೂರ್ತಿ ವಿಳಾಸ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಪ್ರಯಾಣದ ಫಾರಂ ತುಂಬಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ವಾರವೇ ಸರ್ಕಾರದ ತಾಣದಲ್ಲಿ ಒಂದು ಸಲ ನೋಡಿಬಿಡಿ. ಮುಂಬೈಯಿಂದ ನೇರ ವಿಮಾನದಲ್ಲಿ ಸುಮಾರು ಆರು ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ.

ಈಗ ಕರಿಬೇವಿನ ಕಥೆ. ನಮ್ಮ ಚಿಕ್ಕಮ್ಮ ನನಗೋಸ್ಕರ ಹಿತ್ತಲಿನ ಕರಿಬೇವು, ಎರಡು ಸೀಮೆ ಬದನೆಕಾಯಿ, ಒಂದು ಪೊಟ್ಟಣ ಹೀರೆಬೀಜ ತಂದಿದ್ದರು. ಎಲ್ಲವೂ ಏರ್‌ಪೋರ್ಟಿನಲ್ಲೇ ಉಳಿಯಿತು. ಹಸಿ ಸೊಪ್ಪು, ಹಣ್ಣು, ಬೀಜ, ಗಿಡ ಏನೇ ಆದರೂ ಪರವಾನಗಿ ಇಲ್ಲದೆ ಬಿಡುವುದಿಲ್ಲ. ಸಣ್ಣ ದ್ವೀಪ, ಒಂದು ರೋಗ ಬಂದರೆ ಇಡೀ ಬೆಳೆ ಹೋಗುತ್ತದೆ ಅನ್ನುವ ಭಯ. ಸಿಗರೇಟ್ ಸುತ್ತುವ ಕಾಗದಕ್ಕೂ ನಿಷೇಧ ಇದೆ. ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲೇಬೇಕು, ಈ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಚಿಕ್ಕಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಸಂತೆಗೆ ಕರೆದುಕೊಂಡು ಹೋದ ಮೇಲೆ ಸರಿಹೋದರು. ಅದನ್ನು ಆಮೇಲೆ ಹೇಳುತ್ತೇನೆ.

ಪ್ಲಗ್ಗು ಇಂಗ್ಲೆಂಡಿನ ಮೂರು ಚೌಕ ಪಿನ್ನಿನದು, ಅಡಾಪ್ಟರ್ ಒಯ್ಯಿರಿ. ದುಡ್ಡಿನ ಹೆಸರೂ ರೂಪಾಯಿಯೇ, ಆದರೆ ನಮ್ಮದಕ್ಕಿಂತ ಬೆಲೆ ಜಾಸ್ತಿ. ಹಾಗಾಗಿ "ನೂರು ರೂಪಾಯಿ ತಾನೇ" ಅಂತ ಕೊಳ್ಳುತ್ತಾ ಹೋದರೆ ಸಂಜೆ ಲೆಕ್ಕ ತಪ್ಪುತ್ತದೆ. ನೋಟನ್ನು ಒಂದು ನಿಮಿಷ ಬಿಡಿಸಿ ನೋಡಿ. 100ರ ಮೇಲೆ ತಮಿಳು ಮೂಲದ ನಾಯಕ ಸೀನಿವಾಸೆನ್, 25ರ ಮೇಲೆ ಚೀನೀ ಮೂಲದ ಆ ಚುಯೆನ್, 200ರ ಮೇಲೆ ಅಬ್ದುಲ್ ರಜಾಕ್ ಮೊಹಮದ್. ಬೆಲೆ ಇಂಗ್ಲಿಷ್, ತಮಿಳು, ಹಿಂದಿಯಲ್ಲಿದೆ, ಅದೇ ಅನುಕ್ರಮದಲ್ಲಿ. 1998ರಲ್ಲಿ ತಮಿಳಿಗಿಂತ ಹಿಂದಿಯನ್ನು ಮೇಲೆ ಹಾಕಿ ಹೊಸ ನೋಟು ತಂದಾಗ ತಮಿಳರು ಎಷ್ಟು ಗಲಾಟೆ ಮಾಡಿದರೆಂದರೆ ಆ ನೋಟುಗಳನ್ನೇ ವಾಪಸ್ ತೆಗೆದುಕೊಳ್ಳಬೇಕಾಯಿತು. ನಮಗೆ ಅರ್ಥವಾಗುವ ವಿಷಯ, ಅಲ್ವಾ?

ಮೆಟ್ಟಿಲು ಹತ್ತುವ ಮೊದಲು ಇಷ್ಟು ತಿಳಿದಿರಲಿ

ಈ ದ್ವೀಪದಲ್ಲಿ ಮೂಲನಿವಾಸಿಗಳು ಅಂತ ಯಾರೂ ಇರಲಿಲ್ಲ. 1598ರಲ್ಲಿ ಡಚ್ಚರು ಬಂದು ತಮ್ಮ ರಾಜಕುಮಾರ ಮಾರಿಸ್‌ನ ಹೆಸರಿಟ್ಟರು. ಕರಿಮರ ಕಡಿದರು. ಅವರ ಕಾಲದಲ್ಲೇ ಹಾರಲಾರದ ಡೋಡೋ ಹಕ್ಕಿ ನಿರ್ನಾಮವಾಯಿತು. ಅದನ್ನು ಜನ ತಿಂದು ಮುಗಿಸಿದರು ಅನ್ನುತ್ತಾರೆ, ಆದರೆ ಹಡಗಿನಲ್ಲಿ ಬಂದಿಳಿದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಮೊಟ್ಟೆಗಳನ್ನು ಬಿಡಲಿಲ್ಲ ಅನ್ನುವುದೇ ದೊಡ್ಡ ಕಾರಣ. 1710ರಲ್ಲಿ ಡಚ್ಚರು ದ್ವೀಪವನ್ನೇ ಬಿಟ್ಟು ಹೋದರು.

1715ರಲ್ಲಿ ಫ್ರೆಂಚರು ಹಿಡಿದರು. 1735ರಲ್ಲಿ ಬಂದ ಗವರ್ನರ್ ಲಾ ಬೂರ್ದೊನೆ ಪೋರ್ಟ್ ಲೂಯಿಯನ್ನು ಬಂದರಾಗಿ ಕಟ್ಟಿಸಿದ. ಮಡಗಾಸ್ಕರ್, ಮೊಜಾಂಬಿಕ್‌ನಿಂದ ಗುಲಾಮರನ್ನು ತಂದರು, ಪುದುಚೇರಿ ಕಡೆಯಿಂದ ಗಾರೆ ಕೆಲಸದವರನ್ನು ಕರೆಸಿದರು. 1810ರಲ್ಲಿ ಬ್ರಿಟಿಷರು ಗೆದ್ದರು. ಆದರೆ ಫ್ರೆಂಚ್ ಭಾಷೆ, ಕಾನೂನು, ಜಮೀನು ಹಾಗೇ ಬಿಟ್ಟರು. ಅದಕ್ಕೇ ಇವತ್ತಿಗೂ ಸಂಸತ್ತಿನಲ್ಲಿ ಇಂಗ್ಲಿಷ್, ಪೇಪರಿನಲ್ಲಿ ಫ್ರೆಂಚ್, ಬೀದಿಯಲ್ಲಿ ಫ್ರೆಂಚಿನಿಂದ ಹುಟ್ಟಿದ ಆಡುಮಾತು ಕ್ರಿಯೋಲ್.

1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಕಬ್ಬಿನ ಗದ್ದೆಗೆ ಆಳು ಬೇಕಲ್ಲ? ಅದಕ್ಕೆ ಮೊದಲೇ, 1834ರ ನವೆಂಬರ್ 2ರಂದು, ಅಟ್ಲಾಸ್ ಎಂಬ ಹಡಗಿನಲ್ಲಿ ಕಲ್ಕತ್ತೆಯಿಂದ 36 ಜನ ಬಂದಿಳಿದಿದ್ದರು. ಐದು ವರ್ಷದ ಕರಾರು, ಗಂಡಸಿಗೆ ತಿಂಗಳಿಗೆ ಐದು ರೂಪಾಯಿ. 1920ರ ಹೊತ್ತಿಗೆ ಹೀಗೆ ಬಂದವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಇಳಿದ ಜಾಗಕ್ಕೆ ಕೂಲಿ ಘಾಟ್ ಅನ್ನುತ್ತಿದ್ದರು. ಈಗ ಆಪ್ರವಾಸಿ ಘಾಟ್. 2006ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನೋಡಲು ಏನೂ ಇಲ್ಲ ಅನ್ನಿಸಬಹುದು. ಬಂದರಿನ ಪಕ್ಕ ಹಳೆ ಕಲ್ಲಿನ ಕಟ್ಟಡದ ಉಳಿಕೆ, ಒಂದು ಸಣ್ಣ ಪ್ರದರ್ಶನ, ಹದಿನಾರು ಕಲ್ಲಿನ ಮೆಟ್ಟಿಲು. ನಮ್ಮ ಮಾವನವರು ಕೂಡ "ಇಷ್ಟೇನಾ?" ಅಂದರು. ಆಮೇಲೆ ಒಳಗೆ ಹೋಗಿ ಫೋಟೋಗಳ ಮುಂದೆ ನಿಂತರು. ಆಗ ಬಂದವರಿಗೆಲ್ಲ ಒಂದೊಂದು ನಂಬರ್ ಕೊಟ್ಟು, ಮುಂದೆ ಫೋಟೋ ಕೂಡ ತೆಗೆಯುತ್ತಿದ್ದರು. ಮೂಗುತಿ ಹಾಕಿದ ಒಬ್ಬ ಹೆಂಗಸು, ಮೋರೆಯಲ್ಲಿ ಸಿಟ್ಟೋ ಹೆದರಿಕೆಯೋ ಗೊತ್ತಾಗುವುದಿಲ್ಲ. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ನಮ್ಮತ್ತೆ ಥರಾನೇ ಇದ್ದಾಳೆ" ಅಂದರು. ಹೊರಗೆ ಬಂದು ಹದಿನಾರು ಮೆಟ್ಟಿಲನ್ನೂ ಎಣಿಸಿದರು, ಎರಡು ಸಲ.

ಆ ದಾಖಲೆಗಳೆಲ್ಲ ಮೋಕಾ ಊರಿನ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟ್‌ನಲ್ಲಿವೆ. ಅಲ್ಲಿನ ಜನ ತಮ್ಮ ಮುತ್ತಜ್ಜನ ನಂಬರ್ ಹಿಡಿದು ಬಂದು ಭಾರತದಲ್ಲಿ ಅವನ ಊರು ಯಾವುದೆಂದು ಹುಡುಕಿಸುತ್ತಾರೆ. ಗಾಂಧೀಜಿಯೇ 1901ರಲ್ಲಿ ಹಡಗು ನಿಂತಾಗ ಕೆಲವು ದಿನ ಇಲ್ಲಿದ್ದರು. 1968ರಲ್ಲಿ ಸ್ವಾತಂತ್ರ್ಯಕ್ಕೆ ಮಾರ್ಚ್ 12ನ್ನು ಆರಿಸಿಕೊಂಡದ್ದೂ ದಂಡಿ ಯಾತ್ರೆ ಹೊರಟ ದಿನ ಅಂತಲೇ.

ಇದಾದ ಮೇಲೆ ಕಾರಿನಲ್ಲಿ ಹೋಗುವಾಗ ಕಬ್ಬಿನ ಗದ್ದೆ ಮಧ್ಯೆ ಕರಿ ಕಲ್ಲಿನ ದೊಡ್ಡ ದೊಡ್ಡ ರಾಶಿ ಕಾಣುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ಕಲ್ಲು. ಒಂದೊಂದನ್ನೂ ಜನ ಕೈಯಲ್ಲಿ ಎತ್ತಿ ಗದ್ದೆ ಮಾಡಿದ್ದು. ಗದ್ದೆಯಂಚಿನಲ್ಲಿ ಏಳು ಕಲ್ಲು ನಿಲ್ಲಿಸಿ ಬಣ್ಣ ಬಳಿದ ಕಾಳಿಮಾಯಿ ಗುಡಿಗಳೂ ಇವೆ. ನಮ್ಮ ಊರಿನ ಚೌಡಿ ಬನ ನೋಡಿದವರಿಗೆ ವಿವರಿಸಬೇಕಿಲ್ಲ.

ಪೋರ್ಟ್ ಲೂಯಿಗೆ ವಾರದ ದಿನವೇ ಹೋಗಿ, ಭಾನುವಾರ ಆ ಊರು ಮಲಗಿರುತ್ತದೆ. ಅಲ್ಲೇ ನಡೆಯುವ ದೂರದಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಡೋಡೋ ಅಸ್ಥಿಪಂಜರ ಇದೆ, ಮಕ್ಕಳಿದ್ದರೆ ತಪ್ಪಿಸಬೇಡಿ.

ಹೊಟ್ಟೆಗೆ

ಮಾರ್ಕೆಟಿನ ಹತ್ತಿರ ದಾಲ್‌ಪುರಿ ಗಾಡಿ ಹುಡುಕಿ. ಎಲ್ಲಿ ಕ್ಯೂ ಉದ್ದ ಇದೆಯೋ ಅಲ್ಲಿ ನಿಲ್ಲಿ. ಬೆಲ್ಲ ಹಾಕದ ಒಬ್ಬಟ್ಟು ಅಂದುಕೊಳ್ಳಿ: ಹಳದಿ ಬಟಾಣಿ ಬೇಳೆ ಬೇಯಿಸಿ, ಪುಡಿಮಾಡಿ, ಜೀರಿಗೆ ಅರಿಸಿನ ಸೇರಿಸಿ ಒಳಗೆ ತುಂಬಿ, ಕೈ ಆಚೆ ಕಾಣುವಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಒಂದೇ ಒಂದು ಕೊಡುವುದಿಲ್ಲ, ಯಾವಾಗಲೂ ಜೋಡಿ. "ಎನ್ ಪೇರ್" ಅನ್ನಿ. ಗಾಡಿಯವನು ಎರಡನ್ನು ಹರಡಿ, ದೊಡ್ಡ ಅವರೆಯಂಥ ಕಾಳಿನ ಪಲ್ಯ, ಟೊಮ್ಯಾಟೊ ಗೊಜ್ಜು, ಹಸಿಮೆಣಸಿನ ಚಟ್ನಿ ಬಳಿದು, ಸುರುಳಿ ಸುತ್ತಿ ಕಾಗದದಲ್ಲಿ ಕೊಡುತ್ತಾನೆ. ಖಾರ ಎಷ್ಟು ಅಂತ ಕಣ್ಣಲ್ಲೇ ಕೇಳುತ್ತಾನೆ. ಜಂಬ ಬೇಡ, ಸ್ವಲ್ಪ ಅನ್ನಿ. ತಿನ್ನುವಾಗ ಮೊಣಕೈ ತನಕ ಸೋರುತ್ತದೆ, ಬಿಳಿ ಬಟ್ಟೆ ಹಾಕಿ ಹೋಗಬೇಡಿ.

ಗಾತೋ ಪಿಮಾಂ ಅಂದರೆ ಅಂಬೊಡೆ. ಬ್ರೆಡ್ಡಿನೊಳಗೆ ಬೆಣ್ಣೆ ಹಚ್ಚಿ ಅದನ್ನು ಅಮುಕಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಮೊದಲು ನಗು ಬಂತು, ತಿಂದ ಮೇಲೆ ನಿಂತಿತು. ಆಲೂದಾ ನಮ್ಮ ಫಾಲೂದಾದ ತಮ್ಮ. ಮದುವೆಗೆ ಯಾರಾದರೂ ಕರೆದರೆ ಮುಲಾಜಿಲ್ಲದೆ ಹೋಗಿ: ಬಾಳೆಲೆ ಮೇಲೆ ಏಳು ಬಗೆಯ ಪಲ್ಯ, ಅದಕ್ಕೆ ಸೆಟ್ ಕಾರಿ ಅನ್ನುತ್ತಾರೆ.

ಸಸ್ಯಾಹಾರಿಗಳು "ಮೋ ವೆಜೆತಾರ್ಯೆನ್, ಸಾಂ ಲಾವ್ಯಾನ್, ಸಾಂ ಪ್ವಾಸೋಂ" ಅಂತ ಬಾಯಿಪಾಠ ಮಾಡಿ. ಮಾಂಸ ಬೇಡ, ಮೀನೂ ಬೇಡ. ಮೀನನ್ನು ಬೇರೆ ಹೇಳದಿದ್ದರೆ ಅದು ತಟ್ಟೆಗೆ ಬಂದೀತು. ನೂಡಲ್ಸಿನಲ್ಲಿ ಮೊಟ್ಟೆ ಇರುತ್ತದೆ, ಕೇಳಿ ನೋಡಿ.

ಚಿಕ್ಕಮ್ಮನ ವಿಷಯ ಬಾಕಿ ಇತ್ತು. ಕಾತ್ರ್ ಬೋರ್ನ್ ತರಕಾರಿ ಸಂತೆಯಲ್ಲಿ ಹೀರೆಕಾಯಿ ರಾಶಿ ಕಂಡು ಅವರು ನಿಂತರು. ಮಾರುವ ಹೆಂಗಸು "ಪಿಪಂಗಾಯ್, ಪಿಪಂಗಾಯ್" ಅಂತ ಕೂಗುತ್ತಿದ್ದಳು. ತಮಿಳಿನ ಪೀರ್ಕಂಗಾಯ್ ನೂರೈವತ್ತು ವರ್ಷ ಕಡಲಾಚೆ ಇದ್ದು ಹಾಗಾಗಿದೆ. ಪಕ್ಕದಲ್ಲಿ "ಕರಿಪುಲೇ", ಅಂದರೆ ಕಳೆದುಹೋದ ಆ ಕರಿಬೇವು. ನುಗ್ಗೆ ಸೊಪ್ಪಿಗೆ "ಬ್ರೆದ್ ಮುರುಂ". ಸೀಮೆ ಬದನೆಕಾಯಿಗೆ "ಶುಶು". ಕೊನೆಗೆ ಒಂದು ಬುಟ್ಟಿಯಲ್ಲಿ ಕೆಸುವಿನ ಎಲೆ, "ಬ್ರೆದ್ ಸೋಂಜ್". ಚಿಕ್ಕಮ್ಮ ಎಲೆಯ ಬೆನ್ನು ಸವರಿ, ದಂಟು ಮುರಿದು ಮೂಸಿ, "ಪತ್ರೊಡೆಗೆ ಆಗುತ್ತೆ" ಅಂದರು. ಅವತ್ತು ರಾತ್ರಿ ಪತ್ರೊಡೆ ಆಯಿತು. ಪಕ್ಕದ ಮನೆಯ ತೆಲುಗು ಮೂಲದ ಆಂಟಿಗೂ ಕೊಟ್ಟೆವು. ಅವರಿಗೆ ತೆಲುಗು ಬರುವುದಿಲ್ಲ, ಮನೆಮಾತು ಕ್ರಿಯೋಲ್. ಆದರೆ ಯುಗಾದಿ ಮಾತ್ರ ಬಿಟ್ಟಿಲ್ಲ. ಅಂದ ಹಾಗೆ ಅಲ್ಲಿ ಯುಗಾದಿಗೆ ಸರ್ಕಾರಿ ರಜೆ ಇದೆ!

ಓಡಾಟ

ಪೋರ್ಟ್ ಲೂಯಿಯಿಂದ ಕ್ಯೂರ್‌ಪಿಪ್‌ವರೆಗೆ ಮೆಟ್ರೋ ಇದೆ, 2022ರಲ್ಲಿ ಪೂರ್ತಿಯಾಯಿತು. ದಾರಿಯಲ್ಲಿ ಕೋರಮಂಡಲ್ ಅನ್ನುವ ಸ್ಟೇಷನ್ ಬರುತ್ತದೆ, ದಕ್ಷಿಣದಲ್ಲಿ ಬೆನಾರೆಸ್ ಅನ್ನುವ ಹಳ್ಳಿಯೂ ಇದೆ. ಬಸ್ಸು ಎಲ್ಲ ಕಡೆಗೂ ಹೋಗುತ್ತದೆ, ಕಂಡಕ್ಟರ್ ಒಳಗೇ ಟಿಕೆಟ್ ಕೊಡುತ್ತಾರೆ. ಆದರೆ ಬೇಗ ನಿಂತುಹೋಗುತ್ತದೆ. ಗ್ರಾನ್ ಬೇನಲ್ಲಿ ಸೂರ್ಯಾಸ್ತ ನೋಡುತ್ತಾ ಕೂತು ನಾವು ಬಸ್ ಕಳಕೊಂಡೆವು. ಟ್ಯಾಕ್ಸಿಯವನು ಕೇಳಿದ ದುಡ್ಡಿನಲ್ಲಿ ಒಂದು ವಾರ ದಾಲ್‌ಪುರಿ ತಿನ್ನಬಹುದಿತ್ತು. ಟ್ಯಾಕ್ಸಿ ಹತ್ತುವ ಮೊದಲೇ ರೇಟು ಮಾತಾಡಿ. ನಾಲ್ಕು ಜನ ಇದ್ದರೆ ಎರಡು ದಿನಕ್ಕೆ ಬಾಡಿಗೆ ಕಾರು ಸರಿ, ರಸ್ತೆಯ ಎಡಕ್ಕೇ ಓಡಿಸುವುದು, ನಮ್ಮ ಹಾಗೇ.

ಆ ಎರಡು ದಿನ ಕಾರಿನಲ್ಲಿ ಹೀಗೆ ಸುತ್ತಿ. ಒಂದು ದಿನ ನೈಋತ್ಯ: ಗಂಗಾ ತಲಾವ್, ಬ್ಲ್ಯಾಕ್ ರಿವರ್ ಕಾಡಿನ ವ್ಯೂ ಪಾಯಿಂಟು, ಶಮರೆಲ್‌ನ ಬಣ್ಣದ ಮಣ್ಣು, ಸಂಜೆಗೆ ಲೆ ಮೋರ್ನ್ ತೀರ. ಗಂಗಾ ತಲಾವ್ ಒಂದು ಜ್ವಾಲಾಮುಖಿ ಬಾಯಿಯ ಕೆರೆ. ದಡದಲ್ಲಿ ಗುಡಿಗಳು, ದಾರಿಯಲ್ಲಿ 33 ಮೀಟರ್ ಎತ್ತರದ ಶಿವ. ಶಿವರಾತ್ರಿಯ ವಾರ ಹೋದರೆ ಬಿಳಿ ಬಟ್ಟೆಯ ಜನ ಬಿದಿರಿನ ಕಾವಡಿ ಹೊತ್ತು ಇಡೀ ದ್ವೀಪದಿಂದ ನಡೆದು ಬರುವುದು ಕಾಣುತ್ತದೆ. ದಾರಿಯುದ್ದಕ್ಕೂ ಜನ ನಿಂತು ಹಣ್ಣು, ಶರಬತ್ತು ಕೊಡುತ್ತಾರೆ. ಆಗ ಕಾರಿನ ಆಸೆ ಬಿಡಿ. ಲೆ ಮೋರ್ನ್ 556 ಮೀಟರಿನ ಬೋಳು ಬಂಡೆ ಬೆಟ್ಟ, ಓಡಿಹೋದ ಗುಲಾಮರು ಅಲ್ಲಿ ಅಡಗಿದ್ದರು. ಬಿಡುಗಡೆಯ ಸುದ್ದಿ ಹೇಳಲು ಬಂದ ಸಿಪಾಯಿಗಳನ್ನು ಕಂಡು, ಹಿಡಿಯಲು ಬಂದರೆಂದು ಮೇಲಿನಿಂದ ಹಾರಿಬಿಟ್ಟರು ಅನ್ನುವ ಕಥೆ ಇದೆ. ಕೆಳಗಿನ ಬೀಚಿನಲ್ಲಿ ಸೆಲ್ಫಿ ತೆಗೆಯುವಾಗ ಒಮ್ಮೆ ತಲೆ ಎತ್ತಿ ಆ ಬೆಟ್ಟ ನೋಡಿ.

ಇನ್ನೊಂದು ದಿನ ಪಾಂಪ್ಲೆಮೂಸ್ ತೋಟ. ಪರಾತದಂಥ ಎಲೆಯ ತಾವರೆ ಕೊಳದ ಮುಂದೆ ಎಲ್ಲರೂ ನಿಲ್ಲುತ್ತಾರೆ. ನೀವು ಶ್ರೀತಾಳೆ ಮರ ಹುಡುಕಿ. ನಮ್ಮ ಎಷ್ಟೋ ತಾಳೆಗರಿ ಗ್ರಂಥಗಳ ಗರಿ ಇದರದ್ದೇ. ಜೀವನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಸೋಮವಾರವಾದರೆ ಮಾಯೆಬೂರ್ ಸಂತೆ, ಅದರ ಹತ್ತಿರದ ಬ್ಲೂ ಬೇ.

ಬೀಚಿನ ಬಗ್ಗೆ ಎರಡೇ ಮಾತು. ಮರಳು ಎಲ್ಲರದ್ದು, ಯಾವ ಹೋಟೆಲೂ ನೀರಿನಂಚಿನಿಂದ ನಿಮ್ಮನ್ನು ಓಡಿಸುವಂತಿಲ್ಲ. ನೀರಿಗೆ ಇಳಿಯುವಾಗ ರಬ್ಬರ್ ಶೂ ಹಾಕಿ. ಕಲ್ಲಿನ ಹಾಗೇ ಕಾಣುವ ಲಾಫ್ ಅನ್ನುವ ವಿಷದ ಮೀನು ತಳದಲ್ಲಿರುತ್ತದೆ. ತುಳಿದರೆ ಆಸ್ಪತ್ರೆಯೇ ಗತಿ, ಆಂಬುಲೆನ್ಸ್ ನಂಬರ್ 114.

ತರುವುದಾದರೆ ಬ್ವಾ ಶೆರಿಯ ವೆನಿಲಾ ಟೀ ತನ್ನಿ, ಕಂದು ಸಕ್ಕರೆ ತನ್ನಿ. ಡೋಡೋ ಕೀಚೈನ್ ನನಗಂತೂ ತರಬೇಡಿ. ನಮ್ಮನೆ ಮೊಳೆಯಲ್ಲಿ ಈಗಾಗಲೇ 11 ನೇತಾಡುತ್ತಿವೆ.